ಜ್ವರದ ಹುಳುಗಳಿಗೆ ಪುರಾಣ

ಆ ವರ್ಷ ಶ್ರಾವಣ ಇನ್ನೇನು ಹುಟ್ಟಬೇಕು ಅನ್ನುವಾಗ, ನಮಗೆ ಪುರಾಣ ಓದುವ ಪುಟ್ಟಮಾದಪ್ಪನವರು ಬಾಯಿ ಬೋಳು ಮಾಡಿಕೊಂಡು ಕೊಳ್ಳೇಗಾಲದಿಂದ ಬಂದಿಳಿದರು. ಅಳಿದುಳಿದ ಹಲ್ಲುಗಳೆಲ್ಲ ಅಲ್ಲಾಡುತ್ತಿವೆ ಎಂದು ಡಾಕ್ಟರು ಒಟ್ಟಿಗೇ ಕಿತ್ತುಹಾಕಿದ್ದರು. ವಸಡು ಆರಬೇಕು, ಆರಿದ ಮೇಲೆ ಅಚ್ಚು ತೆಗೆಯಬೇಕು, ಅಚ್ಚಿಗೆ ತಕ್ಕ ಸೆಟ್ಟು ಬರಬೇಕು. ಅಷ್ಟು ಹೊತ್ತಿಗೆ ದಸರಾ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಹಲ್ಲಿಲ್ಲದ ಬಾಯಲ್ಲಿ ಮುದ್ದೆ ನುಂಗಬಹುದು, ಪುರಾಣ ಓದಲಾಗುವುದಿಲ್ಲ. ಅವರು ಒಂದು ಪದ ಹೇಳಿ ನೋಡಿದರು. “ಶಿವಶಿವಾ” ಅನ್ನುವಷ್ಟರಲ್ಲಿ ಎದುರು ಕೂತಿದ್ದವರ ಮುಖವೆಲ್ಲ ಒದ್ದೆಯಾಯಿತು.

ಮಧುವನಹಳ್ಳಿಯ ನಮ್ಮ ಬೀದಿಯಲ್ಲಿ ಶ್ರಾವಣದ ಕೊನೇ ಸೋಮವಾರ ಚೆಲುವಮ್ಮನವರ ಮನೆಯಲ್ಲಿ ಪುರಾಣ ಓದಿಸುವುದು ಅವರ ಅತ್ತೆಯ ಕಾಲದಿಂದ ನಡೆದು ಬಂದದ್ದು. ಪುಸ್ತಕ ಅವರದಲ್ಲ, ಊರಿನದು. ಆದರೆ ಯಾರ ಮನೆಯಲ್ಲಿ ಓದಿಸುತ್ತಾರೋ ಅವರ ಮನೆಯಲ್ಲಿ ಅದು ಇರಬೇಕು. ಓದುವವರು ತಪ್ಪಿದ ವರ್ಷ ಪುಸ್ತಕ ಎದ್ದು ಇನ್ನೊಂದು ಮನೆಗೆ ಹೋಗುತ್ತದೆ. ಹಾಗೆ ಹೋದದ್ದು ತಿರುಗಿ ಬಂದ ನೆನಪು ಯಾರಿಗೂ ಇಲ್ಲ. ನಾವು ಬೀದಿಯವರೆಲ್ಲ ಕೇಳುವ ಜನ. ಗೋಡೆಗೆ ಒರಗಿ ಕೂತು, ನಡುನಡುವೆ ಹೂಂ ಅಂದು, ಕಣ್ಣೊರೆಸಿಕೊಂಡು, ಪ್ರಸಾದದ ಚರುಪು ತಿಂದು ಮನೆಗೆ ಹೋಗುವವರು. ಓದುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಚೆಲುವಮ್ಮನವರ ಮಗ ಸ್ವಾಮಿ ಎಸ್ಸೆಸ್ಸೆಲ್ಸಿ ಪಾಸು. ಆದರೆ ನಾಲ್ಕು ಜನ ಎದುರಿಗೆ ಕೂತರೆ ಅವನ ಗಂಟಲಿಗೆ ಬೀಗ ಬೀಳುತ್ತದೆ.

ಮೇಲಿನ ಬೀದಿಯ ರಂಗಸ್ವಾಮಿ ಸಮಯ ನೋಡಿಕೊಂಡು ಬಂದ.

“ಚೆಲುವಕ್ಕ, ಈ ವರ್ಸ ನಮ್ಮನೆ ಜಗಲೀಲಿ ಮಾಡ್ಸುಮ ಬುಡಿ. ಓದೋ ತಾಪತ್ರಯವೇ ಇಲ್ಲ. ಫೋನ್‌ಗೆ ಸ್ಪೀಕರ್ ಸಿಗಿಸ್ಬುಟ್ರೆ ದೊಡ್ಡ ದೊಡ್ಡೋರು ಹಾಡಿರೋದೇ ಬತ್ತದ. ಹಲ್ಲಿನ ರಗಳೇನೂ ಇಲ್ಲ.”

“ಈ ಪುಸ್ತಕದ್ದು ಅದರೊಳಗ ಅದಾ?”

“ಇದಿಲ್ಲ, ಬ್ಯಾರೇದು. ಪುರಾಣ ಪುರಾಣವೇ ಅಲ್ವರಾ?”

“ಮತ್ತ ಪುಸ್ತಕ ಏನ್ ಮಾಡೀಯೆ?”

“ದೇವ್ರ ಗೂಡಲ್ಲಿ ಮಡಗಿ ಕುಂಕುಮ ಇಕ್ಕದು.”

ಮುಚ್ಚಿದ ಪುಸ್ತಕಕ್ಕೆ ಕುಂಕುಮ! ಚೆಲುವಮ್ಮನವರಿಗೆ ಅಕ್ಷರ ಬರುವುದಿಲ್ಲ. ಆದರೆ ಆ ಪುಸ್ತಕದ ಹೊನ್ನಾಂಬೆಯ ಕಥೆಯನ್ನು ಮದುವೆಯಾಗಿ ಬಂದ ವರ್ಷ ಕೇಳಿದ್ದರು, ಬಸುರಿಯಾಗಿ ಕೇಳಿದ್ದರು, ಗಂಡ ಹೋದ ವರ್ಷ ಬಾಗಿಲ ಹಿಂದೆ ಕೂತು ಕೇಳಿದ್ದರು. ಅದನ್ನು ಮುಚ್ಚಿ ಕೂರಿಸುವುದೆಂದರೆ ಮನೆಯ ಹಿರಿಯಳೊಬ್ಬಳ ಬಾಯಿಗೆ ಬಟ್ಟೆ ಕಟ್ಟಿ ಕೂರಿಸಿದ ಹಾಗೆ. ಏನೂ ಯೋಚಿಸದೆ ಅಂದುಬಿಟ್ಟರು: “ನಮ್ಮನೇಲಿ ಓದೋರು ಇಲ್ದೆ ಏನಾಗವ್ರಲಾ? ನಮ್ಮ ದೀಪ ಓದ್ತಾಳೆ.”

ರಂಗಸ್ವಾಮಿ ನಕ್ಕ. ಪುಣ್ಯ ಬರುವ ತಿಂಗಳಾದರೂ ನಮಗೂ ನಗು ತಡೆಯಲಾಗಲಿಲ್ಲ.

ದೀಪ ಸ್ವಾಮಿಯ ಮಗಳು, ಏಳನೇ ಕ್ಲಾಸು. ಓದು ಬರುವುದಿಲ್ಲವೆಂದಲ್ಲ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಫೋನಿನ ಮೇಲೆ ಓಡುವ ಅಕ್ಷರ ಎಲ್ಲವನ್ನೂ ಗಿಳಿ ಕಾಳು ಬಿಡಿಸಿದಂತೆ ಓದುತ್ತಾಳೆ. ಪುಸ್ತಕ ಅಂದರೆ ಮಾತ್ರ ಅವಳಿಗೆ ಅನುಮಾನ. “ಮೊದ್ಲು ಸುಮ್ನೆ ಕಥೆ ಹೇಳೋರ ತರ ಹೇಳ್ತಾರೆ. ನಂಬ್ಕೊಂಡು ಓದುದ್ರೆ ಕೊನೇಲಿ ಪ್ರಶ್ನೆ ಕೇಳ್ತಾರೆ. ಮೋಸ ಅದು” ಎಂಬುದು ಅವಳ ವಾದ. ಪ್ರತಿ ಶ್ರಾವಣದಲ್ಲೂ ಪುರಾಣ ಶುರುವಾಗಿ ಹೊನ್ನಾಂಬೆ ಮನೆ ಬಿಡುವಷ್ಟರಲ್ಲಿ ಅಜ್ಜಿಯ ತೊಡೆಯ ಮೇಲೆ ಅವಳ ನಿದ್ದೆ. ಮುಂದೆ ಏನಾಯಿತೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ಪುಸ್ತಕ ರಂಗಸ್ವಾಮಣ್ಣಂಗೇ ಕೊಟ್ಬುಡು ಅಜ್ಜಿ” ಎಂದು ಅವಳು ಅವತ್ತೇ ತೀರ್ಪು ಕೊಟ್ಟಳು.

ಚೆಲುವಮ್ಮ ಗದರಲಿಲ್ಲ. ಅವರು ರೇಷ್ಮೆ ಹುಳು ಸಾಕಿದವರು. ಹುಳುವಿಗೆ ಹೆದರಿಸಿ ಸೊಪ್ಪು ತಿನ್ನಿಸಲಾಗುವುದಿಲ್ಲ. ಹಸಿವಾಗುವ ತನಕ ಕಾಯಬೇಕು.

ಸ್ವಾಮಿ ಆಗಷ್ಟೇ ಮರಿಹುಳು ತಂದು ಹಿತ್ತಲ ಹುಳದ ಮನೆಯಲ್ಲಿ ಬಿಟ್ಟಿದ್ದ. ಅವನ ಹೆಂಡತಿ ಕವಿತ ಎರಡನೇ ಹೆರಿಗೆಗೆ ಹನೂರಿನ ತವರಿಗೆ ಹೋಗಿದ್ದರಿಂದ ದೀಪಳಿಗೂ ಪಾಲು ಕೆಲಸ ಬಿದ್ದಿತ್ತು. ಹುಳು ಬೆಳೆಯುವಾಗ ನಡುನಡುವೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಮೇಲಕ್ಕೆತ್ತಿ, ಕಲ್ಲಿನ ಹಾಗೆ ನಿಂತುಬಿಡುತ್ತವೆ. ಒಂದು ಹಗಲು ಒಂದು ರಾತ್ರಿ ಹಾಗೇ ಇದ್ದು ಹಳೇ ಪೊರೆ ಕಳಚಿ ಏಳುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರದಲ್ಲಿ ಅವನ್ನು ಮುಟ್ಟಬಾರದು, ಅಲುಗಿಸಬಾರದು. ಇರುವೆ ಹಲ್ಲಿ ಬರದ ಹಾಗೆ ಯಾರಾದರೂ ಸುಮ್ಮನೆ ಕೂತು ಕಾಯಬೇಕು. ಸ್ವಾಮಿ ತಂದ ಮರಿಗಳಿಗೆ ಇನ್ನೂ ಎರಡು ಜ್ವರ ಬಾಕಿ ಇದ್ದವು.

ಮೊದಲ ಜ್ವರ ಶನಿವಾರ ಹಿಡಿದು ಭಾನುವಾರಕ್ಕೂ ಇತ್ತು. ಕಾಯುವ ಪಾಳಿ ದೀಪಳದು. ಅವಳು ಫೋನು ಹಿಡಿದು ಒಳಗೆ ಹೊರಟಾಗ ಚೆಲುವಮ್ಮ ಬಾಗಿಲಲ್ಲೇ ತಡೆದರು.

“ಫೋನ್ ಈಚೆ ಮಡಗು.”

“ಯಾಕಜ್ಜಿ?”

“ಜ್ವರ ಬಂದೋರ ಮುಂದ ಫೋನ್ ನೋಡ್ತಾರ? ಅದರ ಬೆಳಕು ಆಗಕಿಲ್ಲ ಅವಕ.”

ಇದು ಚೆಲುವಮ್ಮ ಅಲ್ಲೇ ನಿಂತು ಹುಟ್ಟಿಸಿದ ಶಾಸ್ತ್ರ. ಸ್ವಾಮಿ ಬಾಯಿ ತೆರೆದ, ತಾಯಿಯ ಮುಖ ನೋಡಿದ, ಮುಚ್ಚಿಕೊಂಡ.

ಸ್ವಲ್ಪ ಹೊತ್ತಿಗೆ ಅವರು ಬಟ್ಟೆಯ ಗಂಟು ಹಿಡಿದು ಒಳಗೆ ಬಂದರು. ಸೊಪ್ಪಿನ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಪುಸ್ತಕ ಇಟ್ಟು ಕೈಮುಗಿದರು.

“ನಾನು ಓದಲ್ಲ” ಅಂದಳು ದೀಪ.

“ನಿನ್ನ ಯಾರಮ್ಮಿ ಓದು ಅಂದೋರು? ಉಳಕ್ಕ ತೋರ್ಸುಮ ಅಂತ ತಂದಿ.”

“ಹುಳಕ್ಕೆ ಓದಕ್ಕೆ ಬತ್ತದಾ?”

“ನಿಂಗ ಬತ್ತದಾ?”

ದೀಪ ಮೂಗು ಅರಳಿಸಿದಳು. ಚೆಲುವಮ್ಮ ಆ ಕಡೆ ನೋಡಲೇ ಇಲ್ಲ. “ನೋಡವ್ವ, ಎಂಗೆ ತಲೆ ಎತ್ಕಂಡು ಕೂತವೆ. ಪುರಾಣ ಕೇಳೋಕೆ ಬಂದಿರೋರು ಇದೇ ತರ ಕೂತ್ಕಳದು. ಪಾಪ, ಓದೋರು ಗತಿಯಿಲ್ಲ” ಎಂದು ಹುಳುಗಳ ಕಡೆಗೆ ಮರುಗಿದರು.

ದೀಪ ನೋಡಿದಳು. ನಿಜವೇ. ತಟ್ಟೆ ತುಂಬ ಸಾವಿರಾರು ಪುಟ್ಟ ತಲೆಗಳು ಒಂದೇ ಭಂಗಿಯಲ್ಲಿ ಎತ್ತಿಕೊಂಡು ನಿಂತಿದ್ದವು. ಒಂದೂ ಕೆಮ್ಮಲಿಲ್ಲ, ಒಂದೂ ಎಲೆಯಡಿಕೆ ಕೇಳಲಿಲ್ಲ. ನಮಗಿಂತ ಒಳ್ಳೆಯ ಸಭೆ.

“ಕೊನೇಲಿ ಪ್ರಶ್ನೆ ಅವಾ?”

“ಇಲ್ಲ.”

“ಬಿಟ್ಟ ಸ್ಥಳ ತುಂಬಿ?”

“ಬಿಟ್ಟ ಸ್ಥಳವ ಗೆದ್ಲು ತುಂಬವೆ. ನಿಂಗೇನೂ ಕೆಲ್ಸ ಮಡಗಿಲ್ಲ.”

ಹುಳುಗಳ ಮೇಲಿನ ಕನಿಕರಕ್ಕೋ, ಹೊತ್ತು ಹೋಗದ್ದಕ್ಕೋ, ದೀಪ ಪುಸ್ತಕ ತೆರೆದಳು. ಕಂಡಕ್ಟರು ಸ್ಟಾಪಿನ ಹೆಸರು ಕೂಗುವ ಹಾಗೆ ಮೊದಲ ಪದಗಳನ್ನು ಓದಿದಳು.

“ನಿಧಾನ ಕಣಮ್ಮಿ. ಇಲ್ಲಿ ಯಾರೂ ಇಳಿಯೋರಿಲ್ಲ.”

ಹೊನ್ನಾಂಬೆಯ ಐದು ವರ್ಷದ ಮಗನನ್ನು ಹೊಳೆಯಾಚೆಯ ವರ್ತಕರು ಹೊತ್ತುಕೊಂಡು ಹೋದರು. ಅವಳು ಮನೆ ಬಿಟ್ಟಳು, ಕಾಡು ದಾಟಿದಳು, ಒಡವೆಗಳನ್ನೆಲ್ಲ ಮಾರಿ ಹೊಳೆಯ ದಡಕ್ಕೆ ಬಂದಳು. ಹರಿಗೋಲಿನ ಅಂಬಿಗ ಒಂದು ಮಾತೂ ಆಡದೆ ಹತ್ತಿಸಿಕೊಂಡ. ಅಷ್ಟರಲ್ಲಿ ದೀಪಳ ಓದು ಕಂಡಕ್ಟರನಿಂದ ಸ್ವಲ್ಪ ಮನುಷ್ಯರ ಕಡೆಗೆ ತಿರುಗಿತ್ತು.

ಹೊಳೆಯ ನಡುವೆ ಹುಟ್ಟು ನಿಲಿಸಿ ಅಂಬಿಗ ಕೇಳ್ದ
ಕೊಡು ತಾಯಿ ದಾಟಿಸೋ ಕೂಲಿ
ಕೈಬಳೆ ಮಾರಿದೆ ಕಾಲುಂಗುರ ಮಾರಿದೆ
ಕೊಡಲೇನು ಉಳಿದಿಲ್ಲವಯ್ಯ

“ಆಮೇಲೆ?” ಎಂದು ತನ್ನನ್ನೇ ಕೇಳಿಕೊಂಡು ದೀಪ ಹಾಳೆ ತಿರುಗಿಸುವುದಕ್ಕೂ, ಸ್ವಾಮಿ ಬಾಗಿಲಲ್ಲಿ ತಲೆ ಹಾಕಿ “ಉಳ ಏಳ್ತಾ ಅವೆ, ಸೊಪ್ಪು ತತ್ತೀನಿ, ಜಾಗ ಬುಡಿ” ಅನ್ನುವುದಕ್ಕೂ ಸರಿಹೋಯಿತು. ಚೆಲುವಮ್ಮ ಅವಳ ಬೆರಳ ಮೇಲೇ ಪುಸ್ತಕ ಮುಚ್ಚಿದರು.

“ಅಜ್ಜೀ! ಅಂಬಿಗ ಏನ್ ಕೇಳ್ತಾನೆ?”

“ಸಭೆ ಎದ್ದ ಮೇಲೆ ಪುರಾಣ ಇಲ್ಲ. ಇನ್ನು ಮುಂದಿನ ಜ್ವರಕ್ಕೆ.”

“ನೀನೇ ಹೇಳು. ನಿಂಗೆ ಗೊತ್ತಲ್ಲ?”

“ನಂಗೆ ಓದಕ್ಕೆ ಬರಲ್ಲವಲ್ಲ ಮಗ” ಅಂದರು ಚೆಲುವಮ್ಮ, ಬಡಪಾಯಿಯ ಹಾಗೆ. ಪುಸ್ತಕ ಗಂಟಾಗಿ ಅಟ್ಟ ಸೇರಿತು. ಆ ಸಂಜೆಯೇ ಅವರು ಮನೆಮನೆಗೆ ಹೋಗಿ, ಯಾರಾದರೂ ಕಥೆಯ ಮುಂದಿನ ಭಾಗ ಬಾಯಿಬಿಟ್ಟರೆ ಈ ವರ್ಷದ ಚರುಪಿನಲ್ಲಿ ಪಾಲಿಲ್ಲ ಎಂದು ಸಾರಿ ಬಂದರು.

ಮುಂದಿನ ಮೂರು ನಾಲ್ಕು ದಿನ ದೀಪ ಊರೆಲ್ಲ ಅಲೆದಳು. ಮೊದಲು ಪುಟ್ಟಮಾದಪ್ಪನವರ ಬಳಿ. ಅವರು ಬಾಯಿ ತೆರೆದು, ಬೋಳು ವಸಡು ತೋರಿಸಿ, ಮಾತಾಡಿದರೆ ಪ್ರಾಣ ಹೋಗುತ್ತದೆ ಎನ್ನುವಂತೆ ಮುಖ ಹಿಂಡಿದರು. ಅರ್ಧ ಗಂಟೆ ಮುಂಚೆ ಅದೇ ಬಾಯಿ ಅರಳೀಕಟ್ಟೆಯಲ್ಲಿ ಪಂಚಾಯಿತಿ ಎಲೆಕ್ಷನ್ ಬಗ್ಗೆ ಭಾಷಣ ಮಾಡಿತ್ತು. ಅಲ್ಲಿಂದ ನಮ್ಮ ಮನೆಗೆ ಬಂದಳು. ನೆನಪಿಲ್ಲ ಎಂದೆವು. ಶ್ರಾವಣದಲ್ಲಿ ಸುಳ್ಳಾಡಬಾರದು, ಆದರೆ ಪುರಾಣಕ್ಕೋಸ್ಕರ ಆಡಿದ್ದನ್ನು ಬೆಟ್ಟದ ಮಾದಪ್ಪ ತಪ್ಪೆಂದು ಹಿಡಿಯಲಾರ ಎಂದು ನಂಬಿಕೆ. ಫೋನಿನಲ್ಲಿ ‘ಹೊನ್ನಾಂಬೆ’ ಎಂದು ಹುಡುಕಿದಳು. ಒಂದು ಸೀರೆ ಅಂಗಡಿ ಬಂತು. ಕೊನೆಗೆ ಹನೂರಿಗೆ, ಅಮ್ಮನಿಗೆ ಫೋನು.

“ಅಮ್ಮ, ಹರಿಗೋಲಿನೋನು ಕೂಲಿ ಏನ್ ಕೇಳ್ತಾನೆ?”

“ಅಲೋ? ಅಲೋ? ನೆಟ್‌ವರ್ಕ್ ಸರೀಗಿಲ್ಲ ಮಗ.”

“ಊಟ ಮಾಡಿದ್ಯಾ ಅಮ್ಮ?”

“ಊಂ ಕಣವ್ವ, ಈಗ ತಾನೇ ಆಯ್ತು.”

ದೀಪ ಫೋನು ಕಟ್ಟು ಮಾಡಿ, “ಎಲ್ಲಾ ಸೇರ್ಕೊಂಡವ್ರೆ” ಎಂದು ಅಜ್ಜಿಯ ಕಡೆ ಕೆಕ್ಕರಿಸಿ ನೋಡಿದಳು. ಚೆಲುವಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಇಲ್ಲದ ಕಲ್ಲನ್ನೂ ಆರಿಸುತ್ತಿದ್ದರು.

ಎರಡನೇ ಜ್ವರ ಬಂದ ಹೊತ್ತಿಗೆ ದೀಪಳೇ ಅಜ್ಜಿಗಿಂತ ಮುಂಚೆ ಕಾಲು ತೊಳೆದು ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದಳು. “ಇನ್ನೂ ಪೂರ್ತಿ ಜ್ವರ ಬಂದಿಲ್ಲ ಕಣಮ್ಮಿ” ಅಂದರೆ, “ಬಂದಿದೆ, ಮುಟ್ಟಿ ನೋಡ್ದೆ” ಅಂದಳು. ಅಜ್ಜಿ ಪುಸ್ತಕ ಇಳಿಸಿದ್ದು ಮಾರನೇ ದಿನವೇ.

ಬಳೆಯೊಲ್ಲೆ ಹಣವೊಲ್ಲೆ ಬಂಗಾರ ನಾನೊಲ್ಲೆ
ಕೊರಳ ದನಿಯ ಕೊಡು ತಾಯಿ

ಓದುತ್ತಿದ್ದ ದೀಪ ಸುಮ್ಮನಾದಳು. ದನಿಯನ್ನು ಯಾರಾದರೂ ಕೂಲಿ ಕೇಳುತ್ತಾರೆಯೇ? ಹೊನ್ನಾಂಬೆ ಕೊಟ್ಟೂಬಿಟ್ಟಳು. ಆಚೆ ದಡ ಸೇರಿ, ಕೇಳಿ ತಿಳಿಯಲು ಬಾಯಿಲ್ಲದೆ, ಬರೀ ಕಣ್ಣಲ್ಲಿ ಹುಡುಕುತ್ತ ವರ್ಷಗಟ್ಟಲೆ ಅಲೆದು, ವರ್ತಕರ ಮನೆಯೊಂದರ ಅಂಗಳದಲ್ಲಿ ಬೆಳೆದು ನಿಂತ ಮಗನನ್ನು ಕಂಡಳು. ಮಗನಿಗೆ ತಾಯಿಯ ಮುಖ ನೆನಪಿಲ್ಲ. ಅವನಿಗೆ ನೆನಪಿದ್ದದ್ದು ಒಂದೇ, ಅವಳ ಜೋಗುಳ.

“ಅವ್ಳಿಗೆ ದನಿಯೇ ಇಲ್ಲವಲ್ಲಜ್ಜಿ! ಇನ್ನೆಂಗೆ ಹಾಡ್ತಾಳೆ?”

“ಉಳ ಎದ್ವು” ಅಂದರು ಚೆಲುವಮ್ಮ.

“ಎದ್ದಿಲ್ಲ!”

ಎದ್ದಿದ್ದವು. ಪೊರೆ ಬಿಟ್ಟ ಹುಳುಗಳು ತಲೆ ಆಡಿಸಿ ಸೊಪ್ಪು ಕೇಳುತ್ತಿದ್ದವು. ಪುಸ್ತಕ ಗಂಟಾಯಿತು. ಇನ್ನು ಜ್ವರವಿಲ್ಲ, ಉಳಿದದ್ದು ಕೊನೇ ಸೋಮವಾರಕ್ಕೆ, ಎಲ್ಲರ ಮುಂದೆ ಓದಿದರೆ ಮಾತ್ರ ಎಂದು ಅಜ್ಜಿಯ ಅಪ್ಪಣೆ. ದೀಪ ಅಟ್ಟದ ಕಡೆ ನೋಡಿದ ನೋಟವನ್ನು ಕಂಡು ಚೆಲುವಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಪುಸ್ತಕ ಇನ್ನು ಈ ಮನೆಯಿಂದ ಏಳುವುದಿಲ್ಲ ಅನ್ನಿಸಿತು ಅವರಿಗೆ.

ಅಲ್ಲೇ ಅವರು ತಪ್ಪಿದ್ದು. ಹುಳುವಿನ ಹಸಿವನ್ನು ಅಳೆಯಬಲ್ಲವರು ಮೊಮ್ಮಗಳ ಹಸಿವನ್ನು ಅಳೆಯಲಿಲ್ಲ.

ಕೊನೇ ಜ್ವರ ಎದ್ದ ಹುಳು ತಿನ್ನುವುದು ನೋಡಿದವರಿಗೇ ಗೊತ್ತು. ಮದುವೆ ಮನೆ ಊಟ. ಹಾಕಿದ ಕೊಂಬೆ ಕಣ್ಮುಂದೆಯೇ ಬರೀ ಕಡ್ಡಿಯಾಗುತ್ತದೆ. ಹಂಚಿನ ಮೇಲೆ ಸೋನೆ ಹಿಡಿದ ಹಾಗೆ ಸದ್ದು ಹಗಲೂ ರಾತ್ರಿ. ಅಂಥ ಒಂದು ದಿನ ಸ್ವಾಮಿ ಗೊಬ್ಬರಕ್ಕೆಂದು ಕೊಳ್ಳೇಗಾಲಕ್ಕೆ ಹೋದ. ಚೆಲುವಮ್ಮ ಹನೂರಿಗೆ ಸೊಸೆಯನ್ನು ನೋಡಿಬರಲು ಹೋದರು. ಮಧ್ಯಾಹ್ನದ ಸೊಪ್ಪು ಹಾಕುವುದು ದೀಪಳ ಪಾಲಿಗೆ. ಕೊಂಬೆಗಳನ್ನು ಕೊಯ್ದು, ಒದ್ದೆ ಗೋಣಿ ಹೊದಿಸಿಟ್ಟಿದ್ದರು. ಎತ್ತಿ ಹರಡುವುದಷ್ಟೇ ಕೆಲಸ.

ಸ್ವಾಮಿ ಇಳಿಹೊತ್ತಿಗೆ ಬಂದವನು ಹಿತ್ತಲಲ್ಲಿ ಸೈಕಲ್ಲು ನಿಲ್ಲಿಸಿ ಕಿವಿಗೊಟ್ಟ. ಸೋನೆಯ ಸದ್ದಿಲ್ಲ. ಹುಳದ ಮನೆ ಬಿಕೋ ಅನ್ನುತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಓಡಿದ. ಬರೀ ಕಡ್ಡಿಗಳ ಮೇಲೆ ಹುಳುಗಳು ದಿಕ್ಕೆಟ್ಟು ಹರಿದಾಡುತ್ತಿದ್ದವು. ಸೊಪ್ಪು ಗೋಣಿಯ ಕೆಳಗೇ ಇತ್ತು. ಗೋಣಿಯ ಮೇಲೆ ದೀಪ ಕೂತಿದ್ದಳು, ತೊಡೆಯ ಮೇಲೆ ಪುಸ್ತಕ.

“ಲೇ!”

ಅವಳು ಕತ್ತೆತ್ತಿ, ಯಾವುದೋ ದೂರದ ಊರಿನಿಂದ ನೋಡುವವಳ ಹಾಗೆ ಅಪ್ಪನನ್ನು ನೋಡಿ, “ಮಗಂಗೆ ಜ್ವರ ಬಂದದೆ ಅಪ್ಪ” ಅಂದಳು.

“ಯಾರ ಮಗಂಗೆ?”

“ಹೊನ್ನಾಂಬೆ ಮಗಂಗೆ.”

ಸ್ವಾಮಿ ಪುಸ್ತಕ ಕಿತ್ತುಕೊಂಡ. ಆ ಹೊತ್ತು ಅವನು ಆಡಿದ ಮಾತುಗಳು ಶ್ರಾವಣಕ್ಕೆ ಒಪ್ಪುವಂಥವಲ್ಲ. ಚೆಲುವಮ್ಮ ಹನೂರಿನ ಬಸ್ಸಿಳಿದು ಬಂದಾಗ ಮೊಮ್ಮಗಳು ಅಳುತ್ತ ಸೊಪ್ಪು ಹರಡುತ್ತಿದ್ದಳು, ಮಗ ಜಗಲಿಯಲ್ಲಿ ಹೊಗೆಯಾಡುತ್ತಿದ್ದ.

“ಓದ್ದೆ ಇದ್ದಾಗ ಓದ್ಲಿಲ್ಲ ಅಂತ ಗೋಳು. ಈಗ ಓದಿ ನನ್ನ ಬೆಳೆಗೆ ಕಲ್ಲಾಕ್ತಾಳೆ. ಆ ಪುಸ್ತಕವ ರಂಗಸ್ವಾಮಿಗೇ ಕೊಟ್ಬುಡವ್ವ. ಕುಂಕುಮ ಇಕ್ಕಿ ಕೂರುಸ್ಲಿ. ಅದೇ ಸರಿ ಅದಕ್ಕೆ.”

ಬೇಜಾರು ಮಾಡಿಕೊಳ್ಳಬೇಕೋ ಸಂತೋಷಪಡಬೇಕೋ ಚೆಲುವಮ್ಮನವರಿಗೆ ತಿಳಿಯಲಿಲ್ಲ. ಮೊಮ್ಮಗಳು ಪುಸ್ತಕ ಕದ್ದು ಓದಿದಳು ಎಂಬ ಸುದ್ದಿಯನ್ನು ಇಷ್ಟು ಸೋತ ಮುಖದಲ್ಲಿ ಕೇಳಬೇಕಾಯಿತಲ್ಲ ಎಂದಷ್ಟೇ ಅನ್ನಿಸಿತು. “ತಪ್ಪು ನಂದು ಕಣ್ಲಾ. ಆಸೆ ತೋರ್ಸಿ ತೋರ್ಸಿ ಅಟ್ಟಕ್ಕ ಏರ್ಸಿದೋಳು ನಾನು” ಅಂದರು. ಮನೆ ನಡೆಸುವವನು ಅವನು. ರಂಗಸ್ವಾಮಿಗೆ ಹೇಳಿ ಕಳಿಸಿದರು: ಸೋಮವಾರ ಬಂದು ಪುಸ್ತಕ ತೆಗೆದುಕೊಂಡು ಹೋಗಲಿ.

ಒಂದು ಹೊತ್ತಿನ ಊಟ ತಪ್ಪಿದ್ದಕ್ಕೆ ಹುಳುಗಳೇನೂ ಸಾಯಲಿಲ್ಲ. ಆದರೆ ಲೆಕ್ಕ ಹಿಂದೆ ಬಿತ್ತು. ಭಾನುವಾರವೇ ಹಣ್ಣಾಗಬೇಕಾದ ಹುಳು ಸೋಮವಾರಕ್ಕೆ ಹಣ್ಣಾಯಿತು.

ಹಣ್ಣಾಗುವುದೆಂದರೆ ಹುಳು ತಿನ್ನುವುದು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ನೂಲು ಬಿಡಲು ಜಾಗ ಹುಡುಕುವುದು. ಆಗ ಒಂದೊಂದನ್ನೂ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ಕಸದ ಪಾಲು. ಒಂದು ಮನೆಯ ಹುಳು ಹಣ್ಣಾಯಿತೆಂದರೆ ನಮ್ಮಲ್ಲಿ ಕರೆಯುವ ಮುಂಚೆಯೇ ಬೀದಿಯವರೆಲ್ಲ ಹೋಗುತ್ತೇವೆ. ನಾಳೆ ನಮ್ಮದಕ್ಕೆ ಅವರು ಬರುತ್ತಾರೆ. ಹುಳದ ಮನೆಗೆ ಬಂದವರು ಬರಿಗೈಯಲ್ಲಿ ನಿಲ್ಲಬಾರದು ಎಂಬುದೊಂದು ಕಟ್ಟುಪಾಡು.

ಮಧ್ಯಾಹ್ನಕ್ಕೆಲ್ಲ ಹುಳದ ಮನೆ ತುಂಬಿತು. ರಂಗಸ್ವಾಮಿ ಪುಸ್ತಕಕ್ಕೆಂದು ಬಂದವನು, ಬಾಗಿಲಲ್ಲಿ ಇಣುಕಿದ್ದೇ ತಪ್ಪಾಯಿತು.

“ಕಾಲು ತೊಳ್ಕಂಡು ಬಾರ್ಲಾ. ತಕೋ, ಈ ಚಂದ್ರಿಕೆ ಹಿಡ್ಕೊ” ಎಂದು ಚೆಲುವಮ್ಮ ಅವನ ಕೈಗೆ ಕೊಟ್ಟೇಬಿಟ್ಟರು.

“ನಮ್ಮನೇಲಿ ಸ್ಪೀಕರ್ ರೆಡಿ ಮಾಡಿವ್ನಿ ಅಕ್ಕ. ಸಂಜೆ ಆರಕ್ಕೆ—”

“ಉಳಕ್ಕ ಯೋಳು, ಆರು ಗಂಟೆಗ ನಿಲ್ಸವ್ವ ಅಂತ.”

ಹೊತ್ತು ಇಳಿಯಿತು. ಹುಳು ಮುಗಿಯುವ ಹಾಗೆ ಕಾಣಲಿಲ್ಲ. ಪುರಾಣ ಕೇಳುವವರೆಲ್ಲ ಇಲ್ಲಿ, ಸ್ಪೀಕರು ಅಲ್ಲಿ. ಕೊನೇ ಸೋಮವಾರ ಯಾರ ಮನೆಯಲ್ಲೂ ಓದಿಲ್ಲದೆ ಮುಳುಗುವ ಹಾಗಿತ್ತು. ಚೆಲುವಮ್ಮ ತುಟಿ ಕಚ್ಚಿಕೊಂಡು ಹುಳು ಆರಿಸುತ್ತಿದ್ದರು. ಅಷ್ಟು ದಿನ ಅಪ್ಪನ ಮುಂದೆ ಬಾಯಿ ಬಿಡದ ದೀಪ ಮೂಲೆಯಿಂದ ಕೇಳಿದಳು.

“ಅಪ್ಪ, ಇಲ್ಲೇ ಓದ್ಲಾ?”

ಸ್ವಾಮಿ ಹುಳು ಬಿಡುವುದರಲ್ಲೇ ಇದ್ದ. ಅವನ ತಾಯಿ ಅವನ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಅವರು ಪಡುತ್ತಿದ್ದ ಕಷ್ಟ ಎಲ್ಲರಿಗೂ ಕಾಣುತ್ತಿತ್ತು.

“ಓದೋದಾದ್ರೆ ಆ ಕಡೆ ಬುಟ್ಟಿ ಮೇಲೆ ಕೂತ್ಕೊ. ಓಡಾಡೋ ದಾರೀಗೆ ಅಡ್ಡ ಬರಬ್ಯಾಡ” ಅಂದ ಸ್ವಾಮಿ.

ಪುಟ್ಟಮಾದಪ್ಪನವರು ಸಡಗರದಿಂದ ಊದುಬತ್ತಿಗೆ ಕಡ್ಡಿ ಗೀರಿದರು. ಹುಳದ ಮನೆಯಲ್ಲಿ ಊದುಬತ್ತಿಯ ಹೊಗೆ ಅಂದರೆ ವಿಷ. ಇಡೀ ಬೀದಿ ಒಂದೇ ದನಿಯಲ್ಲಿ “ಅಯ್ಯಯ್ಯೋ” ಅಂದಿತು. ಊದುಬತ್ತಿ ಇಲ್ಲದೆ, ಕರ್ಪೂರ ಇಲ್ಲದೆ ಪುರಾಣ ತೆಗೆಯುವುದೆಂತು ಎಂದು ಅವರು ಕೈ ಹಿಸುಕಿಕೊಂಡಾಗ, “ಶಿವಂಗೆ ಒಂದು ದಿನ ನೆಗಡಿ ಅಂದ್ಕಳಿ ಅಣ್ಣ” ಅಂದರು ಚೆಲುವಮ್ಮ.

ದೀಪ ಓದಿದಳು. ರಾಗವಿಲ್ಲ, ತಾಳವಿಲ್ಲ, ಮಾತಾಡುವ ಹಾಗೆ. “ಇದೇನು, ಪೇಪರ್ ಓದ್ದಂಗೆ” ಎಂದು ರಂಗಸ್ವಾಮಿ ಗೊಣಗಿದ. ಕಾಡು ಬಂತು, ಹೊಳೆ ಬಂತು, ಅವನ ಗೊಣಗು ನಿಂತಿತು. ಜೋಗುಳದವರೆಗೆ ಬಂದಾಗ ಎಲ್ಲರೂ “ಹೂಂ” ಅನ್ನುವುದನ್ನೇ ಮರೆತಿದ್ದರು. ಮಗನಿಗೆ ಜ್ವರ ಬಂತು, ಅಲ್ಲಿಂದ ಮುಂದೆ ದೀಪಳಿಗೂ ಹೊಸದು. ವರ್ತಕರ ಮನೆಯಲ್ಲಿ ಕೆಲಸದವಳಾಗಿ ಸೇರಿದ ಹೊನ್ನಾಂಬೆ ಜ್ವರದಲ್ಲಿ ಮಲಗಿದ ಮಗನ ಎದೆಯನ್ನು ತಟ್ಟುತ್ತ ಕೂತಿದ್ದಾಳೆ. ಬಾಯಲ್ಲಿ ದನಿಯಿಲ್ಲ, ಕೈಗೆ ಮಾತ್ರ ಜೋಗುಳದ ಲಯ ನೆನಪಿದೆ. ತಟ್ಟುತ್ತ ತಟ್ಟುತ್ತ, ಕಣ್ಣು ಮುಚ್ಚಿದ್ದ ಮಗನ ಬಾಯಿಂದ ಆ ಹಾಡು ಹೊರಟಿತು. ಹೊರಟ ದನಿ ಹೊನ್ನಾಂಬೆಯದು. ಬಾಗಿಲಲ್ಲಿ ಅಂಬಿಗ ನಿಂತಿದ್ದ.

ಮಾರಲಿಲ್ಲ ತಾಯಿ ನಿನ್ನ ಕೊರಳ ದನಿಯ ನಾನು
ಮಗನೆದೆಯೊಳಗಿಟ್ಟು ಬಂದೆ

ಪುಟ್ಟಮಾದಪ್ಪನವರು ಪ್ರತಿ ವರ್ಷ ಈ ಪದವನ್ನು ಏರುದನಿಯಲ್ಲಿ ಎತ್ತಿ, ತಾಳ ಬಡಿದು, ನಮ್ಮನ್ನೆಲ್ಲ ಅಳಿಸುತ್ತಿದ್ದರು. ನಾವು ರಾಗಕ್ಕೆ ಅಳುತ್ತಿದ್ದೆವೆಂದು ತೋರುತ್ತದೆ. ಇವತ್ತು ಮಾತು ಬರಿಮೈಯಲ್ಲಿ ಬಂದು ನಿಂತಾಗ ಕೈಗಳೆಲ್ಲ ಹಾಗೇ ನಿಂತವು. ಸ್ವಾಮಿಯ ತೋಳಿನ ಮೇಲೆ ಒಂದು ಹುಳು ಹತ್ತುತ್ತಿತ್ತು, ಅವನಿಗೆ ಅರಿವಿಲ್ಲ. ಚೆಲುವಮ್ಮ ಸೆರಗು ಹುಡುಕಿದರು, ಸಿಗಲಿಲ್ಲ.

“ಇನ್ನೊಂದ್ಸಲ ಓದವ್ವ ಅದ.”

ದೀಪ ಓದಲಿಲ್ಲ. ಅಜ್ಜಿಯ ಮಾತು ಅವಳಿಗೆ ಕೇಳಿಸಲೂ ಇಲ್ಲ. ಹುಬ್ಬು ಗಂಟಿಕ್ಕಿ, ತುಟಿ ಮಾತ್ರ ಆಡಿಸುತ್ತ ಮುಂದಿನ ಪದ, ಅದರ ಮುಂದಿನ ಪದ ಎಂದು ಒಬ್ಬಳೇ ಓಡುತ್ತಿದ್ದಳು. ನಮ್ಮನ್ನೆಲ್ಲ ಹೊಳೆಯ ಈಚೆ ದಡದಲ್ಲೇ ಬಿಟ್ಟಿದ್ದಳು.

“ಜೋರಾಗಿ ಓದಮ್ಮಿ, ನಾವೂ ಇದ್ದೀವಿ!” ಎಂದು ಕೂಗಿದವನು ರಂಗಸ್ವಾಮಿ.

ಓದು ಮುಗಿಯಿತು, ಹುಳುವೂ ಮುಗಿಯಿತು. ಮಂಗಳ ಹಾಡಿದೆವು. ಪುಸ್ತಕ ಎಲ್ಲಿರಬೇಕೆಂದು ಯಾರೂ ಕೇಳಲಿಲ್ಲ. ರಂಗಸ್ವಾಮಿಯೇ ಅದನ್ನು ಬಟ್ಟೆಯಲ್ಲಿ ಸುತ್ತಿ ಚೆಲುವಮ್ಮನವರ ಕೈಗಿಟ್ಟ. ಓದಿದವರಿಗೆ ಪಂಚೆ ಹೊದಿಸುವುದು ವಾಡಿಕೆ. ಚೆಲುವಮ್ಮ ಹೊಸ ಪಂಚೆ ತಂದು ಮೊಮ್ಮಗಳ ಹೆಗಲ ಮೇಲೆ ಹಾಕಿದರು. ಅದು ಅವಳನ್ನು ಸುತ್ತಿ ನೆಲ ಗುಡಿಸಿತು.

ದೀಪ ಪಂಚೆಯನ್ನು ನೋಡಲೇ ಇಲ್ಲ. ಮುಖ ಊದಿಸಿಕೊಂಡು ಕೂತಿದ್ದಳು.

“ಯಾಕಮ್ಮಿ? ಸೀರೆ ಕೊಡ್ಸಬೇಕಿತ್ತಾ?”

“ಮುಗ್ದೋಯ್ತಲ್ಲ ಅಜ್ಜಿ! ಇಷ್ಟೇನಾ? ಇನ್ನೊಂದು ಕೊಡು.”

ಮನೆಯಲ್ಲಿದ್ದದ್ದು ಅದೊಂದೇ ಪುಸ್ತಕ. ಚೆಲುವಮ್ಮ ಮಗನನ್ನು ನೋಡಿದರು, ಮಗ ನಮ್ಮನ್ನು ನೋಡಿದ, ನಾವು ಚಂದ್ರಿಕೆಗಳನ್ನು ನೋಡಿದೆವು. ಆಗ ಪುಟ್ಟಮಾದಪ್ಪನವರು ವಸಡುಗಳ ನಡುವಿನಿಂದ ಒಂದೊಂದೇ ಮಾತು ಹೊರಗೆ ಬಿಟ್ಟರು. ಯಳಂದೂರಿನಲ್ಲಿ ಅವರ ಮಗಳ ಮನೆ. ಬೀಗರು ಓದುವ ಹುಚ್ಚಿನವರಾಗಿದ್ದು, ಅವರು ತೀರಿಕೊಂಡ ಮೇಲೆ ಒಂದು ಟ್ರಂಕು ತುಂಬ ಕಥೆಪುಸ್ತಕ ಅಟ್ಟದಲ್ಲಿ ಬಿದ್ದಿದೆಯಂತೆ. ಹೇಳುತ್ತಾ ಅವರ ಕಣ್ಣು ದೀಪಳ ಹೆಗಲ ಮೇಲಿನ ಪಂಚೆಯ ಜರಿಯಂಚಿನ ಮೇಲೆಯೇ ಇತ್ತು. ಎಷ್ಟೋ ವರ್ಷದಿಂದ ಅದು ಅವರಿಗೆ ಸಲ್ಲುತ್ತಿದ್ದ ಪಂಚೆ.

ದೀಪ ಎದ್ದು ಪಂಚೆ ಬಿಚ್ಚಿ ಅವರ ತೊಡೆಯ ಮೇಲೆ ಮಡಚಿಟ್ಟಳು.

“ಇದು ನೀನಿಟ್ಕೊ ತಾತ, ಟ್ರಂಕು ನಂಗೆ. ಯಳಂದೂರಿಗೆ ಬೆಳಗ್ಗೆ ಮೊದ್ಲ ಬಸ್ಸು ಎಷ್ಟೊತ್ತಿಗೆ?”

“ಲೇ, ನಾಳೆ ಈ ಮನೆ ಕಸ ಬಳೀಬೇಕು, ತಟ್ಟೆ ತೊಳೀಬೇಕು” ಅಂದ ಸ್ವಾಮಿ.

“ಅದಕ್ಕೆ ನಾನೇ ಆಗ್ಬೇಕಾ ಅಪ್ಪ?” ಎಂದು ದೀಪ ರಂಗಸ್ವಾಮಿಯ ಕಡೆ ತಿರುಗಿದಳು. “ಅಣ್ಣ, ನೀನು ನಾಳೇನೂ ಬತ್ತೀಯಲ್ವ?”